ಮೂರು ದಿನದ ತೂಫಾನು, ಒಂದು ಬಾಡಿಗೆ ಬೋಟು

ಜೂನ್ 1 ಬಂತೆಂದರೆ ನಮ್ಮ ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಗಳಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತುಬಿಡುತ್ತವೆ. ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಕಡಲು ಕೆರಳುವ ಕಾಲ, ಮೀನು ಮೊಟ್ಟೆ ಇಡುವ ಕಾಲ. ಬಲೆ ಸರಿಮಾಡಿಕೊಂಡು, ಎಂಜಿನ್ ಬಿಚ್ಚಿ ಜೋಡಿಸಿಕೊಂಡು ದಡದಲ್ಲಿ ಇರುತ್ತೇವೆ.

ಅಮೆರಿಕದ ಫ್ಲೋರಿಡಾದಲ್ಲಿ ಅದೇ ಜೂನ್ 1ಕ್ಕೆ ಎರಡು ಸಂಗತಿ ಒಟ್ಟಿಗೆ ಶುರುವಾಗುತ್ತವೆ. ಒಂದು, ಅಟ್ಲಾಂಟಿಕ್ ಚಂಡಮಾರುತಗಳ ಕಾಲ. ಅದು ನವೆಂಬರ್ 30ರ ತನಕ ಇರುತ್ತದೆ. ಇನ್ನೊಂದು, ಪ್ರವಾಸಿಗಳನ್ನು ಮೀನು ಹಿಡಿಯಲು ಕರೆದೊಯ್ಯುವ ಮೆಕ್ಸಿಕೋ ಕೊಲ್ಲಿಯ ಬಾಡಿಗೆ ಬೋಟುಗಳಿಗೆ ರೆಡ್ ಸ್ನ್ಯಾಪರ್ ಹಿಡಿಯುವ ಕಾಲ. ನಮ್ಮ ಕರಾವಳಿಯ ಕೆಂಬೇರಿಯ ಬಳಗದ ಮೀನು ಅದು. 2018ರಲ್ಲಿ ಕೇಂದ್ರದ ಪರವಾನಗಿ ಇದ್ದ ಬಾಡಿಗೆ ಬೋಟುಗಳಿಗೆ ಸಿಕ್ಕಿದ್ದು 51 ದಿನ, ತಲೆಗೆ ಎರಡು ಮೀನು. ಶಾಲೆಗೆ ರಜೆ, ಪ್ರವಾಸಿಗಳ ಜಾತ್ರೆ, ಸ್ನ್ಯಾಪರ್, ತೂಫಾನು, ಎಲ್ಲ ಒಂದೇ ಕಾಲಕ್ಕೆ. ನಮಗೆ ತೂಫಾನಿನ ಕಾಲ ಎಂದರೆ ಬೋಟು ಕಟ್ಟಿಡುವ ಕಾಲ. ಅವರಿಗೆ ಅದೇ ದುಡಿಮೆಯ ಕಾಲ. ಕಡಲ ಕಸುಬಿನ ಊರಿನಿಂದ ಬಂದ ನನಗೆ ಈ ವ್ಯತ್ಯಾಸ ತಲೆಗೆ ಹೋಗಲು ಸ್ವಲ್ಪ ದಿನ ಬೇಕಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಬೋಟು, ಅದರ ಕ್ಯಾಪ್ಟನ್, ಕಲಾಸಿ ಹುಡುಗ ಎಲ್ಲ ನಾನು ಕಲ್ಪಿಸಿಕೊಂಡ ಮಾದರಿ. ಅವರ ಲೆಕ್ಕದ ಅಂಕಿಗಳು, ಬೋಟಿಗೆ ಆದದ್ದು ಹೋದದ್ದು ಕೂಡ ಮಾದರಿಯೇ. ಊರು, ತೂಫಾನು, ದಿನಾಂಕ, ಕಾನೂನು ಮಾತ್ರ ನಿಜ. ಊರು ಫ್ಲೋರಿಡಾದ ಪನಾಮಾ ಸಿಟಿ ಬೀಚ್, ಪನಾಮಾ ಸಿಟಿ ನಗರದ ಪಕ್ಕದ ಕಡಲತೀರದ ಊರು. ತೂಫಾನು 2018ರ ಅಕ್ಟೋಬರಿನ ಮೈಕೇಲ್.

ಬೋಟು ಮತ್ತು ಅದರ ಹೊಟ್ಟೆಪಾಡು

36 ಅಡಿಯ ಬೋಟು, ಎರಡು ಡೀಸೆಲ್ ಎಂಜಿನ್. ಹೆಚ್ಚೆಂದರೆ ಆರು ಗಿರಾಕಿಗಳು. ಆರಕ್ಕಿಂತ ಜಾಸ್ತಿ ಜನರನ್ನು ಹತ್ತಿಸಿಕೊಂಡರೆ ಕೋಸ್ಟ್ ಗಾರ್ಡಿನ ತಪಾಸಣೆ, ಬೇರೆ ಪ್ರಮಾಣಪತ್ರ ಎಲ್ಲ ಬೇಕಾಗುತ್ತದೆ. ಆದ್ದರಿಂದ ಇಂಥ ಸಣ್ಣ ಬೋಟುಗಳು ಆರಕ್ಕೇ ನಿಲ್ಲುತ್ತವೆ. ಅಲ್ಲಿಯವರು ಇದನ್ನು ‘ಸಿಕ್ಸ್ ಪ್ಯಾಕ್’ ಎನ್ನುತ್ತಾರೆ. ಕ್ಯಾಪ್ಟನ್‌ಗೆ ಐವತ್ತು ದಾಟಿದೆ, ಬೋಟು ಅವರದೇ. ಸಾಲ, ಮರೀನಾದಲ್ಲಿ ಜಾಗದ ಬಾಡಿಗೆ, ವಿಮೆ, ಡೀಸೆಲ್, ಎರೆ, ಮಂಜುಗಡ್ಡೆ, ಇಷ್ಟೂ ಅವರ ತಲೆ ಮೇಲೆ. ಎರೆ ಕಟ್ಟುವುದು, ಮೀನು ಕೊಯ್ದು ಕೊಡುವುದು, ಬೋಟು ತೊಳೆಯುವುದು ಕಲಾಸಿ ಹುಡುಗನ ಕೆಲಸ. ಅವನ ಸಂಪಾದನೆಯ ಹೆಚ್ಚಿನ ಪಾಲು ಗಿರಾಕಿಗಳು ಕೊಡುವ ಟಿಪ್ಸ್. ಬೋಟು ದಡದಲ್ಲಿ ನಿಂತ ದಿನ ಕ್ಯಾಪ್ಟನ್‌ಗೆ ನಷ್ಟ, ಹುಡುಗನಿಗೆ ಪೂರ್ತಿ ಸೊನ್ನೆ. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಅಕ್ಟೋಬರಿನಲ್ಲಿ ಸ್ನ್ಯಾಪರ್ ಇಲ್ಲ. ಆದರೂ ಗ್ರೂಪರ್, ಆಂಬರ್‌ಜ್ಯಾಕ್, ನಮ್ಮ ಅಂಜಲಿನ ಹತ್ತಿರದ ನೆಂಟ ಕಿಂಗ್ ಮ್ಯಾಕೆರೆಲ್ ಇವೆಲ್ಲ ಸಿಗುತ್ತವೆ. ಎರಡನೇ ಸೋಮವಾರ ಕೊಲಂಬಸ್ ದಿನದ ರಜೆ. ಶನಿವಾರ, ಭಾನುವಾರ, ಸೋಮವಾರ ಮೂರೂ ದಿನ ಬುಕಿಂಗ್ ತುಂಬಿರುತ್ತದೆ. ಚಳಿಗಾಲದ ಬಡತನಕ್ಕೆ ಮುಂಚೆ ಕೈಗೆ ಬರುವ ಕೊನೆಯ ಒಳ್ಳೆಯ ದುಡ್ಡು ಅದು. 2018ರಲ್ಲಿ ಆ ಸೋಮವಾರ ಬಿದ್ದದ್ದು ಅಕ್ಟೋಬರ್ 8ಕ್ಕೆ.

ತೂಫಾನು ಬೆಳೆದ ರೀತಿ

ಆಫ್ರಿಕಾದ ಕಡೆಯಿಂದ ಅಟ್ಲಾಂಟಿಕ್ ದಾಟಿ ಬರುವ ತೂಫಾನಾದರೆ ವಾರದ ಮೊದಲೇ ಸುದ್ದಿ ಸಿಗುತ್ತದೆ. ಮೈಕೇಲ್ ಹಾಗೆ ಬರಲಿಲ್ಲ. ಮಧ್ಯ ಅಮೆರಿಕದ ಪಕ್ಕದ ಕಡಲಲ್ಲೇ, ಅಂದರೆ ಮನೆ ಬಾಗಿಲಲ್ಲೇ ಹುಟ್ಟಿತು. ಅಕ್ಟೋಬರ್ 7ರ ಭಾನುವಾರ ಬೆಳಗ್ಗೆ ಅದು ಬರೀ ವಾಯುಭಾರ ಕುಸಿತ. ಅಂದೇ ಮಧ್ಯಾಹ್ನದ ಹೊತ್ತಿಗೆ ಹೆಸರು ಬಂತು. ಸೋಮವಾರ ಕ್ಯೂಬಾದ ಪಶ್ಚಿಮ ತುದಿಯ ಹತ್ತಿರ ಚಂಡಮಾರುತವಾಯಿತು. ಮಂಗಳವಾರ ಮೂರನೇ ದರ್ಜೆ, ಬುಧವಾರ ನಸುಕಿಗೆ ನಾಲ್ಕನೇ ದರ್ಜೆ (ಐದನೆಯದೇ ಎಲ್ಲಕ್ಕಿಂತ ಬಲವಾದದ್ದು). ಬುಧವಾರ ಮಧ್ಯಾಹ್ನ ಪನಾಮಾ ಸಿಟಿಯ ಪೂರ್ವಕ್ಕೆ, ಮೆಕ್ಸಿಕೋ ಬೀಚ್ ಎಂಬ ಸಣ್ಣ ಊರಿನ ಹತ್ತಿರ ನೆಲಕ್ಕೆ ಅಪ್ಪಳಿಸಿದಾಗ ಗಾಳಿ ಗಂಟೆಗೆ ಸುಮಾರು 257 ಕಿಲೋಮೀಟರ್. ಮೊದಲು ನಾಲ್ಕನೇ ದರ್ಜೆ ಎಂದೇ ದಾಖಲಾಗಿತ್ತು. 2019ರ ಏಪ್ರಿಲಿನಲ್ಲಿ ಮರುಲೆಕ್ಕ ಮಾಡಿ ಐದನೇ ದರ್ಜೆ ಎಂದರು. 1992ರ ಆಂಡ್ರ್ಯೂ ಆದಮೇಲೆ ಅಮೆರಿಕದ ಮುಖ್ಯ ಭೂಮಿಗೆ ಅಷ್ಟು ಬಲದಲ್ಲಿ ಹೊಡೆದದ್ದು ಇದೇ ಮೊದಲು.

ಹುಟ್ಟಿದಾಗಿನಿಂದ ಹೊಡೆತದ ತನಕ ಮೂರೂವರೆ ದಿನ, ಅಷ್ಟೇ. ತೂಫಾನು ಎಲ್ಲಿಗೆ ಬರುತ್ತದೆ ಎಂಬ ಊಹೆ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಎಷ್ಟು ಬಲವಾಗಿ ಬರುತ್ತದೆ ಎಂಬುದು ಮಾತ್ರ ಪ್ರತಿದಿನ ಏರುತ್ತಾ ಹೋಯಿತು. ಭಾನುವಾರದ ಸುದ್ದಿ ಕೇಳಿದವನಿಗೆ ಬುಧವಾರದ ಗಾಳಿ ಕಣ್ಣಿಗೆ ಕಟ್ಟಲು ಸಾಧ್ಯವೇ ಇರಲಿಲ್ಲ.

ಭಾನುವಾರದ ಲೆಕ್ಕ

ನಮ್ಮ ಕ್ಯಾಪ್ಟನ್ ಭಾನುವಾರದ ಟ್ರಿಪ್ ಮಾಡಿದರು. ನನ್ನ ಮಟ್ಟಿಗೆ ಅದು ತಪ್ಪಲ್ಲ. ಬೆಳಗ್ಗೆ ಕಡಲು ತಡೆಯುವಂತಿತ್ತು, ದಡದ ಹತ್ತಿರವೇ ಮೀನು ಹಿಡಿದು ಮಧ್ಯಾಹ್ನ ಎರಡಕ್ಕೆ ವಾಪಸಾದರು. ಅದರ ಬೆನ್ನಿಗೇ ಫ್ಲೋರಿಡಾದ ಆ ಕರಾವಳಿಗೆ ಚಂಡಮಾರುತದ ‘ವಾಚ್’ ಬಂತು. ವಾಚ್ ಎಂದರೆ ಸುಮಾರು 48 ಗಂಟೆಯೊಳಗೆ ಬಿರುಗಾಳಿ ಶುರುವಾಗಬಹುದು, ತಯಾರಿ ಮಾಡಿಕೊಳ್ಳಿ ಎಂಬ ಸೂಚನೆ. ‘ವಾರ್ನಿಂಗ್’ ಎಂದರೆ 36 ಗಂಟೆ. ಅದು ಬಂದದ್ದು ಸೋಮವಾರ.

ಹುಡುಗ ಕೇಳಿದ. “ಕ್ಯಾಪ್ಟನ್, ನಾಳೆ ಬೆಳಗಿನ ಟ್ರಿಪ್ ಒಂದು ಮುಗಿಸಿಬಿಡೋಣವಾ? ಗಾಳಿ ಬರೋದು ಬುಧವಾರ ಅಲ್ವಾ?”

ಕೇಳಿದ್ದು ಸಹಜ. ಆರು ಜನ, ಆರು ಗಂಟೆ, ಸಾವಿರ ಡಾಲರಿನ ಆಸುಪಾಸಿನ ಬಾಡಿಗೆ, ಅದರ ಮೇಲೆ ಅವನ ಟಿಪ್ಸ್. ಭಾನುವಾರ ಸಂಜೆ ನಾಲ್ಕರಿಂದ ಬುಧವಾರ ನಸುಕಿನ ತನಕ 60 ಗಂಟೆ ಇದೆ. ಬೇಕಾದಷ್ಟು ಸಮಯ ಅನಿಸುತ್ತದೆ.

ಕ್ಯಾಪ್ಟನ್ ಬೇರೆ ಥರ ಎಣಿಸಿದರು. ಗಂಟೆ ಅಲ್ಲ, ಬೆಳಕು. ಅಕ್ಟೋಬರಿನಲ್ಲಿ ಅಲ್ಲಿ ಬೆಳಕು ಇರುವುದು ಹನ್ನೆರಡು ಗಂಟೆಗೂ ಸ್ವಲ್ಪ ಕಡಿಮೆ. ಭಾನುವಾರ ಉಳಿದದ್ದು ಎರಡು ಗಂಟೆ, ಸೋಮವಾರ ಹನ್ನೊಂದೂವರೆ, ಮಂಗಳವಾರ ಹನ್ನೊಂದೂವರೆ. ಒಟ್ಟು 25. ಮಂಗಳವಾರ ಜನರನ್ನು ತೆರವು ಮಾಡಿಸುತ್ತಾರೆ, ರಸ್ತೆ ತುಂಬುತ್ತದೆ, ಮಧ್ಯಾಹ್ನದ ಮೇಲೆ ನೀರಿನ ಮೇಲೆ ಕೆಲಸ ಮಾಡುವ ಹಾಗಿರುವುದಿಲ್ಲ. ಹಾಗಾಗಿ ಅದರಲ್ಲಿ ಆರು ಗಂಟೆ ಕಳೆಯಿರಿ. ಕೈಯಲ್ಲಿ ಉಳಿದದ್ದು 19. ಬೋಟು ಬರಿದು ಮಾಡಲು ಐದು, ಒಳನಾಡಿನ ಹಳ್ಳಕ್ಕೆ ಸಾಗಿಸಲು ಎರಡು, ಕಟ್ಟಲು ಆರು. ಮನೆಯ ಕಿಟಕಿಗಳಿಗೆ ಹಲಗೆ ಹೊಡೆಯಲು ಐದು. ಒಟ್ಟು 18. ಸೋಮವಾರದ ಟ್ರಿಪ್ಪಿಗೆ ಜಾಗವೇ ಇಲ್ಲ.

ಸಂಜೆ ಆರಕ್ಕೆ ಸೋಮವಾರ, ಮಂಗಳವಾರದ ಗಿರಾಕಿಗಳಿಗೆ ಅವರೇ ಫೋನ್ ಮಾಡಿದರು. ಮುಂಗಡ ಪೂರ್ತಿ ವಾಪಸ್. ಒಬ್ಬರು ಸಿಟ್ಟಾದರು. ಅಟ್ಲಾಂಟಾದಿಂದ ಬಂದಿದ್ದೇವೆ, ನಾಳೆ ಬಿಸಿಲಿದೆಯಂತೆ, ಸುಮ್ನೆ ಯಾಕೆ ಹೆದರಿಸುತ್ತೀರಿ ಎಂದರು. ಬಿಸಿಲು ಇರಬಹುದು, ಆದರೆ ತೂಫಾನು ದೂರ ಇರುವಾಗಲೇ ಅದರ ಉದ್ದನೆಯ ಅಲೆಗಳು ಬಂದು ಅಳಿವೆಯ ಬಾಯಲ್ಲಿ ಎದ್ದು ನಿಲ್ಲುತ್ತವೆ, ಹೊರಗೆ ಹೋದಮೇಲೆ ಒಳಗೆ ಬರುವುದು ಕಷ್ಟ ಎಂದು ಕ್ಯಾಪ್ಟನ್ ತಾಳ್ಮೆಯಿಂದ ಹೇಳಿದರು. ಮಲ್ಪೆ ಅಳಿವೆಯಲ್ಲಿ ಒಮ್ಮೆ ಒದ್ದಾಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಬೋಟು ಎಲ್ಲಿಡುವುದು?

ಮೂರು ದಾರಿ ಇತ್ತು. ಕ್ರೇನಿನಲ್ಲಿ ಎತ್ತಿ ನೆಲದ ಮೇಲೆ ಕಂಬ ಕೊಟ್ಟು ನಿಲ್ಲಿಸುವುದು ಒಂದು. ಆದರೆ ಅಷ್ಟು ಹೊತ್ತಿಗೆ ಸರದಿ ತುಂಬಿತ್ತು. ಮೊದಲೇ ಒಪ್ಪಂದ ಮಾಡಿಕೊಂಡವರಿಗೆ ಮೊದಲ ಪಾಳಿ. ಎರಡನೆಯದು, ಒಳನಾಡಿನ ಕಾಲುವೆ ಹಿಡಿದು ಪಶ್ಚಿಮಕ್ಕೆ ಡೆಸ್ಟಿನ್ ಕಡೆಗೆ ಸುಮಾರು 60 ಮೈಲಿ ಓಡುವುದು. ಆಮೇಲೆ ನೋಡಿದರೆ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಕೊಲ್ಲಿಯಲ್ಲಿ ಉತ್ತರಕ್ಕೆ ಬರುವ ಚಂಡಮಾರುತದ ಬಲಗಡೆಗೆ ಹೊಡೆತ ಜಾಸ್ತಿ, ಎಡಗಡೆಗೆ ಕಡಿಮೆ. ಡೆಸ್ಟಿನ್ ಎಡಗಡೆಗೆ, ಸಾಕಷ್ಟು ದೂರಕ್ಕೆ ಬಿತ್ತು. ಆದರೆ ಭಾನುವಾರ ಸಂಜೆ ತೂಫಾನು ಐವತ್ತು ಮೈಲಿ ಪಶ್ಚಿಮಕ್ಕೆ ಸರಿದರೆ ಎಂಬ ಭಯ ಇದ್ದೇ ಇತ್ತು. ಅದೂ ಅಲ್ಲದೆ ಬೋಟು ಅಲ್ಲಿ, ಹೆಂಡತಿ, ತಾಯಿ ಇಲ್ಲಿ. ಕ್ಯಾಪ್ಟನ್ ಮೂರನೆಯದನ್ನು ಹಿಡಿದರು. ಹ್ಯಾಥವೇ ಸೇತುವೆಯ ಕೆಳಗೆ ಹಾದು ವೆಸ್ಟ್ ಬೇ ಎಂಬ ಒಳಗಿನ ಹಿನ್ನೀರಿಗೆ ಹೋಗಿ, ಅಲ್ಲಿ ಸೇರುವ ಒಂದು ಕಿರಿದಾದ ಹಳ್ಳದಲ್ಲಿ ಕಟ್ಟುವುದು.

ಮರೀನಾದಲ್ಲೇ ಬಿಡಬಹುದಿತ್ತಲ್ಲ ಎಂದು ಕೇಳಬಹುದು. ಫ್ಲೋರಿಡಾದ ಕಾನೂನು 327.59ರ ಪ್ರಕಾರ ವಾಚ್ ಅಥವಾ ವಾರ್ನಿಂಗ್ ಬಂದಮೇಲೆ ‘ಬೋಟು ತೆಗೆದುಕೊಂಡು ಹೋಗಿ’ ಎಂದು ಮರೀನಾದವರು ಸಾಮಾನ್ಯವಾಗಿ ಒತ್ತಾಯಿಸುವ ಹಾಗಿಲ್ಲ. ಬೋಟು ಉಳಿಸಲು ಹೋಗಿ ಯಾರೂ ಪ್ರಾಣ ಕಳೆದುಕೊಳ್ಳಬಾರದು ಎಂಬುದು ಆ ಕಾನೂನಿನ ಉದ್ದೇಶ. ಬಹಳ ಒಳ್ಳೆಯ ಕಾನೂನು. ಆದರೆ ಅದು ಬೋಟನ್ನು ಅಲ್ಲೇ ಬಿಡುವ ಹಕ್ಕು ಕೊಡುತ್ತದೆ, ಬೋಟು ಉಳಿಯುತ್ತದೆ ಎಂಬ ಖಾತರಿ ಕೊಡುವುದಿಲ್ಲ. ಮರೀನಾದಲ್ಲಿ ನಿಮ್ಮ ಹಗ್ಗ ಎಷ್ಟು ಗಟ್ಟಿಯಾಗಿದ್ದರೂ ಪಕ್ಕದ ಬೋಟಿನವನ ಹಗ್ಗ ಹರಿದರೆ ಅವನು ನಿಮ್ಮ ಮೇಲೇ ಬರುತ್ತಾನೆ.

ಹಗ್ಗ

ಇಲ್ಲಿ ಸ್ವಲ್ಪ ನಿಲ್ಲೋಣ. ತೂಫಾನಿನಲ್ಲಿ ಬೋಟು ಉಳಿಯುವುದು, ಹೋಗುವುದು ಹೆಚ್ಚಾಗಿ ಹಗ್ಗದ ಮೇಲೆ.

ನೈಲಾನ್ ಹಗ್ಗ ಎಳೆದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಜಗ್ಗಾಟದ ಪೆಟ್ಟನ್ನು ಅದು ನುಂಗಿಕೊಳ್ಳುತ್ತದೆ, ಅದಕ್ಕೇ ಅದು ಬೇಕು. ಆದರೆ ಬೋಟಿನ ಅಂಚಿನಲ್ಲಿ ಹಗ್ಗ ಹಾದುಬರುವ ಲೋಹದ ಬಾಯಿಯ ಹತ್ತಿರ ಈ ಹಿಗ್ಗು ಕುಗ್ಗೇ ವೈರಿ. ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಹಗ್ಗ ಬಿಸಿಯಾಗುತ್ತದೆ, ಎಳೆಗಳು ಒಳಗಿನಿಂದಲೇ ಕರಗಿ ತುಂಡಾಗುತ್ತವೆ. ಅದಕ್ಕಾಗಿ ಆ ಜಾಗಕ್ಕೆ ಹಳೆಯ ಅಗ್ನಿಶಾಮಕ ಪೈಪಿನ ತುಂಡು ತೊಡಿಸುತ್ತಾರೆ. ಕ್ಯಾಪ್ಟನ್ ಎರಡಡಿ ಉದ್ದದ ತುಂಡುಗಳನ್ನು ಕತ್ತರಿಸಿ, ಎರಡೂ ತುದಿಗೆ ತೂತು ಕೊರೆದು, ಸಣ್ಣ ದಾರದಿಂದ ಹಗ್ಗಕ್ಕೇ ಹೊಲಿದು ಕೂರಿಸಿದರು. ಹೊಲಿಯದೆ ಸುಮ್ಮನೆ ತೊಡಿಸಿದರೆ ಮೊದಲ ಅರ್ಧ ಗಂಟೆಯಲ್ಲೇ ಜಾರಿ ಹೋಗುತ್ತದೆ.

ಬೋಟು ಹಳ್ಳದ ನಟ್ಟನಡುವೆ ನಿಲ್ಲಬೇಕು. ದಡಕ್ಕೆ ಹತ್ತಿರವಾದರೆ ಮರ ಬೀಳುತ್ತದೆ, ನೀರು ಇಳಿದಾಗ ನೆಲಕ್ಕೆ ಕೂರುತ್ತದೆ. ನಾಲ್ಕೂ ಕಡೆಗೆ ಜೇಡರ ಬಲೆಯ ಹಾಗೆ ಹಗ್ಗ ಹೋಗಬೇಕು, ನೀರು ಏರಿದರೆ ಏರಲು ಬಿಡುವಷ್ಟು ಉದ್ದ ಇರಬೇಕು. ಗಿಡ್ಡ ಹಗ್ಗ ಬಿಗಿಯಾಗಿ ಕಟ್ಟಿದರೆ ಉಬ್ಬರದ ನೀರು ಬೋಟನ್ನು ಮೇಲಕ್ಕೆತ್ತುವಾಗ ಹಗ್ಗ ಕಟ್ಟುವ ಕೊಂಡಿಯೇ ಕಿತ್ತು ಬರುತ್ತದೆ. ಮುಂದೆ ಎರಡು ಲಂಗರು. ಮರಕ್ಕೆ ಕಟ್ಟುವಾಗ ಬುಡದಲ್ಲಿ, ಆದಷ್ಟು ಕೆಳಗೆ.

ಕ್ಯಾಪ್ಟನ್ ಸೋತದ್ದು ಇಲ್ಲೇ. ಲೆಕ್ಕಕ್ಕೆ 600 ಅಡಿ ಹಗ್ಗ ಬೇಕಿತ್ತು, ಬೋಟಿನಲ್ಲಿ ಇದ್ದದ್ದು 400. ಜೂನಿನಲ್ಲೇ ತೆಗೆದಿಡಬೇಕು ಎಂದುಕೊಂಡದ್ದು ಸ್ನ್ಯಾಪರ್ ಗಡಿಬಿಡಿಯಲ್ಲಿ ಮರೆತು ಹೋಗಿತ್ತು. ಸೋಮವಾರ ಬೆಳಗ್ಗೆ ಅಂಗಡಿಗೆ ಹೋದರೆ ದಪ್ಪ ನೈಲಾನ್ ಹಗ್ಗದ ಉರುಳೆಗಳೆಲ್ಲ ಖಾಲಿ. ಹಳ್ಳದ ಉತ್ತರ ದಡದಲ್ಲಿ, ಸ್ವಲ್ಪ ಹಿಂದಕ್ಕೆ, ದಪ್ಪ ಬುಡದ ಒಂದು ಓಕ್ ಮರ ಇತ್ತು. ಅದನ್ನು ಮುಟ್ಟಲು ಹಗ್ಗ ಸಾಲಲಿಲ್ಲ. ನೀರಿನ ಅಂಚಿಗೇ ಇದ್ದ ಪೈನ್ ಮರಕ್ಕೆ ಕಟ್ಟಬೇಕಾಯಿತು, ಬೋಟೂ ಅಷ್ಟರಮಟ್ಟಿಗೆ ಆ ದಡದ ಕಡೆಗೆ ಸರಿಯಿತು.

ಎಲ್ಲರೂ ಅಕ್ಟೋಬರಿನ ಆ ಮೂರು ದಿನದ ನಿರ್ಧಾರಗಳ ಬಗ್ಗೆಯೇ ಮಾತಾಡುತ್ತಾರೆ. ನನಗೆ ಆ ಇನ್ನೂರು ಅಡಿ ಹಗ್ಗವೇ ದೊಡ್ಡದಾಗಿ ಕಾಣುತ್ತದೆ. ಅದರ ನಿರ್ಧಾರ ಆಗಬೇಕಿದ್ದದ್ದು ಜೂನಿನಲ್ಲಿ, ಬಿಸಿಲು ಹೊಡೆಯುತ್ತಿದ್ದಾಗ, ಕೈತುಂಬ ಬುಕಿಂಗ್ ಇದ್ದಾಗ. ದುಡಿಮೆಯ ಕಾಲವೇ ತೂಫಾನಿನ ಕಾಲವೂ ಆದರೆ ಹೀಗಾಗುತ್ತದೆ. ತಯಾರಿಗೆಂದು ಬೇರೆ ಕಾಲವೇ ಇರುವುದಿಲ್ಲ. ನಮ್ಮ 61 ದಿನದ ರಜೆಯನ್ನು ಬೈಯುವವರು ಬಹಳ ಜನ ಇದ್ದಾರೆ. ಆದರೆ ಹಗ್ಗ, ಲಂಗರು, ಎಂಜಿನ್ ಎಲ್ಲವನ್ನೂ ಮುಟ್ಟಿ ನೋಡಲು ಅದು ಕೊಡುವ ಬಿಡುವಿಗೆ ಬೆಲೆ ಕಟ್ಟಲಾಗುವುದಿಲ್ಲ.

ಬಾಕಿ ಕೆಲಸ ಚೆನ್ನಾಗಿಯೇ ಆಯಿತು. ಮೇಲಿನ ಬಟ್ಟೆಯ ಚಾವಣಿ, ಗಾಳದ ಕೋಲುಗಳು, ರೇಡಿಯೋ, ಪರದೆಗಳು, ಗಾಳಿ ಹಿಡಿಯುವಂಥದ್ದೆಲ್ಲ ಬಿಚ್ಚಿ ಕೆಳಗಿಳಿಸಿದರು. ನೀರು ಹೊರಹಾಕುವ ಪಂಪಿನ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿದರು. ಡೆಕ್ಕಿನ ನೀರು ಹರಿದುಹೋಗುವ ತೂತುಗಳಲ್ಲಿ ಸಿಕ್ಕಿದ್ದ ಒಣ ಎರೆಯ ಚೂರುಗಳನ್ನು ಹುಡುಗ ಬೆರಳಿನಿಂದ ಒಂದೊಂದಾಗಿ ಕಿತ್ತು ತೆಗೆದ. ಸಣ್ಣ ಕೆಲಸ ಅನಿಸಬಹುದು. ಅದೊಂದು ತೂತು ಕಟ್ಟಿಕೊಂಡರೆ ರಾತ್ರಿಯಿಡೀ ಸುರಿವ ಮಳೆ ಬೋಟಿನೊಳಗೇ ಉಳಿಯುತ್ತದೆ. ಎಲ್ಲ ಬದಿಯಿಂದ ಫೋಟೋ ತೆಗೆದುಕೊಂಡರು, ವಿಮೆಗೆ. ಮಂಗಳವಾರ ಬೆಳಗ್ಗೆ ಒಂಬತ್ತರೊಳಗೆ ಹಗ್ಗಗಳನ್ನು ಕೊನೆಯ ಸಲ ನೋಡಿ ಇಬ್ಬರೂ ದಡಕ್ಕೆ ಬಂದರು. ಬೋಟಿನಲ್ಲೇ ಉಳಿಯುತ್ತೇನೆ ಎಂಬ ಮಾತೇ ಬರಲಿಲ್ಲ. ಕುಟುಂಬವನ್ನು ಕಾರಿನಲ್ಲಿ ಕೂರಿಸಿಕೊಂಡು ಉತ್ತರಕ್ಕೆ, ಅಲಬಾಮಾದ ಕಡೆಗೆ ಹೊರಟರು.

ಬುಧವಾರ, ಮತ್ತೆ ಅದರ ನಂತರ

ಬುಧವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆಕ್ಸಿಕೋ ಬೀಚ್ ಊರು ಹೆಚ್ಚುಕಡಿಮೆ ಅಳಿಸಿಹೋಯಿತು. ಪಕ್ಕದ ಟಿಂಡಲ್ ವಾಯುನೆಲೆಯಲ್ಲಿ ರಿಪೇರಿಗೆಂದು ನಿಂತಿದ್ದ ಎಫ್-22 ಯುದ್ಧ ವಿಮಾನಗಳನ್ನೇ ಹ್ಯಾಂಗರಿನಲ್ಲಿ ಬಿಟ್ಟು ಹೋಗಬೇಕಾಗಿತ್ತು, ಆ ಹ್ಯಾಂಗರುಗಳಿಗೆ ದೊಡ್ಡ ಪೆಟ್ಟು ಬಿತ್ತು. ಪನಾಮಾ ಸಿಟಿ ಸುತ್ತಮುತ್ತ ಬೋಟುಗಳನ್ನು ಅಂತಸ್ತು ಅಂತಸ್ತಾಗಿ ಜೋಡಿಸಿಡುವ ತಗಡಿನ ಗೋದಾಮುಗಳು ಕುಸಿದು ಒಳಗಿದ್ದ ಬೋಟುಗಳು ಅಪ್ಪಚ್ಚಿಯಾದವು. ಸುಮಾರು 28 ಲಕ್ಷ ಎಕರೆ ಕಾಡಿಗೆ ಪೆಟ್ಟು ಬಿತ್ತು. ಪೈನ್ ಮರಗಳು ನಡುವಿಗೇ ಮುರಿದು, ಯಾರೋ ಕೋಲುಗಳನ್ನು ಲಟಲಟ ಮುರಿದಿಟ್ಟ ಹಾಗೆ ಕಾಣುತ್ತಿದ್ದವು.

ನಮ್ಮ ಬೋಟು ಉಳಿಯಿತು. ಬುಡದಲ್ಲಿ ಕಟ್ಟಿದ್ದ ಹಗ್ಗಗಳು ಹಿಡಿದುಕೊಂಡಿದ್ದವು. ಆದರೆ ಆ ಪೈನ್ ಮರದ ಮೇಲಿನ ಅರ್ಧ ಮುರಿದು ಬೋಟಿನ ಮೂತಿಯ ಮೇಲೆ ಬಿದ್ದಿತ್ತು. ಕೈಹಿಡಿ ಕಂಬಿ ಬಾಗಿತ್ತು, ಕಿಟಕಿಯ ಗಾಜು ಒಡೆದಿತ್ತು, ಡೆಕ್ಕಿನಲ್ಲಿ ಉದ್ದಕ್ಕೆ ಬಿರುಕು. ಹೊಟ್ಟೆಯಲ್ಲಿ ತೂತಿಲ್ಲ. ಪೈಪು ತೊಡಿಸಿದ್ದ ಕಡೆ ಹಗ್ಗ ಹೊಸದರ ಹಾಗೆ ಇತ್ತು. ಪೈಪು ಸಾಲದೆ ಹಳೆಯ ಟವೆಲ್ ಸುತ್ತಿದ್ದ ಒಂದು ಹಗ್ಗ ಮಾತ್ರ ಮೂರು ಎಳೆಯಲ್ಲಿ ಎರಡು ಕಳೆದುಕೊಂಡು, ಉಳಿದ ಒಂದೆಳೆಯಲ್ಲಿ ನೇತಾಡುತ್ತಿತ್ತು.

ರಿಪೇರಿಗೆ 8,000 ಡಾಲರ್. ಬೋಟಿನ ವಿಮೆ 2,00,000ಕ್ಕೆ. ಆದರೆ ಹೆಸರಿಟ್ಟ ತೂಫಾನಿನಿಂದ ಆದ ನಷ್ಟಕ್ಕೆ ಇಂಥ ಪಾಲಿಸಿಗಳಲ್ಲಿ ಬೇರೆಯದೇ ಷರತ್ತು ಇರುತ್ತದೆ. ಮೊದಲ ಇಂತಿಷ್ಟು ಶೇಕಡಾ ನೀವೇ ಭರಿಸಬೇಕು. ಇವರದು ಶೇಕಡಾ 5, ಅಂದರೆ 10,000. ವಿಮೆಯಿಂದ ಒಂದು ಕಾಸೂ ಬರಲಿಲ್ಲ. ಟ್ರಿಪ್ಪುಗಳು ನಿಂತು ಹೋದ ನಷ್ಟಕ್ಕೆ ಬೋಟಿನ ವಿಮೆಯಲ್ಲಿ ಜಾಗವೇ ಇರಲಿಲ್ಲ. ತೂಫಾನು ಹುಟ್ಟಿದಮೇಲೆ ಪಾಲಿಸಿ ಬದಲಿಸುತ್ತೇನೆ ಎಂದರೆ ಯಾವ ಕಂಪನಿಯೂ ಒಪ್ಪುವುದಿಲ್ಲ. ಈ ಕಾಗದವನ್ನೂ ಜೂನಿಗೆ ಮುಂಚೆಯೇ ಓದಬೇಕು. ಬೋಟು ಎತ್ತಿಸುವ ಖರ್ಚಿನಲ್ಲಿ ಅರ್ಧ ಕೊಡುವ ಪಾಲಿಸಿಗಳೂ ಇವೆ. ಅದನ್ನು ಗಮನಿಸಿ ಮೊದಲೇ ಕ್ರೇನಿನ ಸರದಿ ಹಿಡಿದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಬೋಟು ಮೂರು ವಾರದಲ್ಲಿ ಸರಿಯಾಯಿತು. ಗಿರಾಕಿಗಳು ಬರಲಿಲ್ಲ. ಮೊದಮೊದಲು ಫೋನೇ ಇರಲಿಲ್ಲ. ನೀರಿನಲ್ಲಿ ಮುರಿದ ಗೂಟಗಳು, ಮುಳುಗಿದ ಬೋಟುಗಳು. ಉಳಿದ ಹೋಟೆಲುಗಳಲ್ಲಿ ಕರೆಂಟ್ ಲೈನಿನವರು, ಪರಿಹಾರ ಕೆಲಸದವರು ತುಂಬಿದ್ದರು. ಬೀಚಿನ ಕಡೆ ಹಾನಿ ನಗರದಷ್ಟು ಇರಲಿಲ್ಲ. ಆದರೂ ಟಿವಿ ನೋಡಿದವರಿಗೆ ಎಲ್ಲ ಒಂದೇ. ಮುಂದಿನ ಮಾರ್ಚಿಗೆ ಬುಕ್ ಮಾಡಿದ್ದವರೂ ರದ್ದು ಮಾಡಿದರು. ಕ್ಯಾಪ್ಟನ್ ದಿನವೂ ದಕ್ಕೆಯ ಒಂದು ಫೋಟೋ ತೆಗೆದು ಹಳೆಯ ಗಿರಾಕಿಗಳಿಗೆ ಕಳಿಸತೊಡಗಿದರು. ಬರಹ ಏನೂ ಇಲ್ಲ, ಫೋಟೋ ಮತ್ತು ದಿನಾಂಕ ಅಷ್ಟೇ. ಇದಕ್ಕಿಂತ ಪ್ರಾಮಾಣಿಕ ಜಾಹೀರಾತು ನನಗೆ ತೋಚುವುದಿಲ್ಲ. ಸರ್ಕಾರದ ಕಡಿಮೆ ಬಡ್ಡಿಯ ವಿಪತ್ತು ಸಾಲಕ್ಕೂ ಅರ್ಜಿ ಹಾಕಿದರು.

ಹುಡುಗನಿಗೆ ಅರ್ಜಿ ಹಾಕಲು ಏನಿತ್ತು? ಬೋಟು ಅವನದಲ್ಲ, ವಿಮೆ ಅವನದಲ್ಲ. ಬಾಡಿಗೆ ಮನೆಯ ಚಾವಣಿ ಹೋಗಿತ್ತು. ನವೆಂಬರಿನಲ್ಲಿ ಅವನು ಬಿದ್ದ ಮರ ಕಡಿಯುವ ಗುಂಪಿಗೆ ಸೇರಿಕೊಂಡ. ದಿನಗೂಲಿ, ವಾರಕ್ಕೊಮ್ಮೆ ಕೈಗೆ ದುಡ್ಡು. ಬೋಟಿನಲ್ಲಿ ಒಳ್ಳೆಯ ವಾರ ಸಿಗುತ್ತಿದ್ದದ್ದಕ್ಕಿಂತ ಜಾಸ್ತಿಯೇ. ಹಾನಿಯ ಪಟ್ಟಿಯಲ್ಲಿ ಕ್ಯಾಪ್ಟನ್ ಬಾಗಿದ ಕಂಬಿ, ಒಡೆದ ಗಾಜು, ಬಿರುಕು ಎಲ್ಲ ಬರೆದಿದ್ದರು. ಅಳಿವೆಯ ಪ್ರತಿ ಮರಳು ದಿಬ್ಬ ಗೊತ್ತಿದ್ದ, ಕತ್ತಲಲ್ಲೂ ಗಂಟು ಹಾಕಬಲ್ಲ ಆ ಹುಡುಗ ಪಟ್ಟಿಯಲ್ಲಿ ಇರಲಿಲ್ಲ.

2019ರ ಏಪ್ರಿಲಿನಲ್ಲಿ ಕ್ಯಾಪ್ಟನ್ ಅವನನ್ನು ಹುಡುಕಿಕೊಂಡು ಹೋದರು. ಜೂನ್ 1ರಿಂದ ಸ್ನ್ಯಾಪರ್, ಈ ಸಲ 62 ದಿನ. ಹುಡುಗ ಮರದ ಕೆಲಸ ಬಿಡಲು ಸಿದ್ಧನಿರಲಿಲ್ಲ, ಶನಿವಾರ ಭಾನುವಾರ ಬರುತ್ತೇನೆ ಎಂದ. ಕ್ಯಾಪ್ಟನ್ ಅಲ್ಲೇ ನಿಂತು ಲೆಕ್ಕ ಹಾಕಿದರು. ಟ್ರಿಪ್ ಇದ್ದ ದಿನ ಗೊತ್ತಾದ ಕೂಲಿ, ಟಿಪ್ಸ್ ಅದರ ಮೇಲೆ. ತೂಫಾನಿನಿಂದ ಟ್ರಿಪ್ ರದ್ದಾಗಿ ಬೋಟು ಕಟ್ಟುವ ದಿನಗಳಿಗೂ ಅದೇ ಕೂಲಿ. ಹುಡುಗ ಎರಡು ದಿನ ಯೋಚಿಸಿ ಒಪ್ಪಿದ.

ಮೇ ಕೊನೆಯ ವಾರ ಇಬ್ಬರೂ ಆ ಹಳ್ಳಕ್ಕೆ ಹೋದರು. ಪೈನ್ ಮರದ ಮೊಂಡು ಅಲ್ಲೇ ಇತ್ತು. ಹುಡುಗ ಟೇಪು ಹಿಡಿದು ಓಕ್ ಮರದ ತನಕ ನಡೆದ. ಅಳತೆ ಬರೆದುಕೊಂಡು, ವಾಪಸ್ ಬರುವಾಗ ದಾರಿಯಲ್ಲೇ 300 ಅಡಿಯ ಒಂದು ಉರುಳೆ ಹಗ್ಗ ಕೊಂಡು ಬೋಟಿನ ಮುಂದಿನ ಪೆಟ್ಟಿಗೆಯಲ್ಲಿ ಇಟ್ಟರು.